ಲೋಗೋದಲ್ಲೇ ನಿಂತ ಫೋನು

ಕೆಟ್ಟ ಮೊಬೈಲನ್ನು ರಿಪೇರಿ ಅಂಗಡಿಗೆ ತರುವವರ ದೂರು ಹೆಚ್ಚೂಕಡಿಮೆ ಮೂರೇ ಬಗೆ. "ಲೋಗೋಲೇ ನಿಂತ್ಕಂಡೈತೆ ಅಣ್ಣ, ಮುಂದಕ್ಕೇ ಹೋಗ್ತಿಲ್ಲ." "ಆನ್ ಆಯ್ತದೆ, ಆಫ್ ಆಯ್ತದೆ, ತಿರ್ಗಾ ಆನ್ ಆಯ್ತದೆ." "ಏನೂ ಇಲ್ಲ, ಪೂರ್ತಿ ಡೆಡ್ಡು." ಹಾಸನದ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಗಳಲ್ಲಿ, ಹೊಳೆನರಸೀಪುರದ ಪೇಟೆಯಲ್ಲಿ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಈ ಮಾತು ದಿನವೂ ಕೇಳಿಸುತ್ತದೆ. ಮೂರೂ ಬೇರೆ ಬೇರೆ ತೊಂದರೆಗಳು. ಒಂದೊಂದೂ ಫೋನು ಎಲ್ಲಿಯವರೆಗೆ ಎದ್ದು ಎಲ್ಲಿ ಬಿದ್ದಿತು ಎಂಬುದನ್ನು ಸರಿಯಾಗಿಯೇ ಹೇಳುತ್ತದೆ. ಆದರೂ ಬಹಳ ಕಡೆ ಮೂರಕ್ಕೂ ಸಿಗುವ ಉತ್ತರ ಒಂದೇ: "ಸಾಫ್ಟ್‌ವೇರ್ ಹಾಕ್ಬೇಕು, ಡೇಟಾ ಹೋಗ್ತದೆ, ಪರ್ವಾಗಿಲ್ವಾ?"

ಆ ಪ್ರಶ್ನೆಗೆ ಬೇರೆ ದಾರಿ ಕಾಣದೆ ತಲೆಯಾಡಿಸುವವರೇ ಹೆಚ್ಚು. ಮಗುವಿನ ನಾಮಕರಣದ ಫೋಟೋ, ತೀರಿಹೋದ ಅಜ್ಜನ ಧ್ವನಿ ಉಳಿದಿದ್ದ ವಾಟ್ಸ್ಯಾಪ್ ಆಡಿಯೋ, ಜಮೀನಿನ ಕಾಗದಪತ್ರಗಳ ಚಿತ್ರ, ಎಲ್ಲ ಅಳಿದುಹೋಗುತ್ತವೆ. ಎಷ್ಟೋ ಸಲ ಅಷ್ಟನ್ನು ಕಳೆದುಕೊಳ್ಳುವ ಅಗತ್ಯವೇ ಇರುವುದಿಲ್ಲ. ಕೆಟ್ಟಿರುವುದು ಹತ್ತಾರು ಎಂಬಿಯ ಒಂದು ಭಾಗ. ಉಳಿದ 64 ಜಿಬಿ ಹಾಗೇ ಚೆನ್ನಾಗಿರುತ್ತದೆ. ಯಾವ ಭಾಗ ಕೆಟ್ಟಿದೆ ಎಂದು ನೋಡುವ ಮೊದಲೇ ಎಲ್ಲವನ್ನೂ ಒರೆಸಿ ಹೊಸದಾಗಿ ಬರೆಯುವುದು ನನ್ನ ದೃಷ್ಟಿಯಲ್ಲಿ ರಿಪೇರಿಯೇ ಅಲ್ಲ. ಹಾರ್ಡ್‌ವೇರನ್ನು ನಡೆಸುವ ತಿರುಳು ಪ್ರೋಗ್ರಾಮಾದ ಕರ್ನಲ್ಲನ್ನು ತಾವೇ ಬದಲಿಸಲು ಹೋಗಿ ಫೋನು ನಿಲ್ಲಿಸಿಕೊಂಡ ಕಾಲೇಜು ಹುಡುಗರಿಗೂ ಇದೇ ಮಾತು. ಫೋನು ಏಳುವ ಕ್ರಮ ಗೊತ್ತಿದ್ದರೆ, ಎಲ್ಲಿ ನಿಂತಿದೆ ಎಂದು ನೋಡಿ, ಅಲ್ಲಿಗಷ್ಟೇ ಕೈಹಾಕಬಹುದು.

ಪವರ್ ಬಟನ್ ಒತ್ತಿದ ಕ್ಷಣದಲ್ಲಿ ಫೋನಿಗೆ ತನ್ನ ಬಗ್ಗೆ ಬಹುತೇಕ ಏನೂ ಗೊತ್ತಿರುವುದಿಲ್ಲ. ದೊಡ್ಡ ರ‍್ಯಾಮ್ ಇನ್ನೂ ಬಳಕೆಗೆ ಸಿದ್ಧವಾಗಿಲ್ಲ. ಪರದೆ ಇದೆ ಎಂಬುದೂ ತಿಳಿಯದು. ಆಗ ಓಡುವುದು ಪ್ರೊಸೆಸರ್ ಚಿಪ್ಪಿನೊಳಗೇ ಇರುವ, ಕಾರ್ಖಾನೆಯಲ್ಲಿ ಚಿಪ್ಪು ತಯಾರಾಗುವಾಗಲೇ ಅಚ್ಚಾದ ಒಂದು ಪುಟ್ಟ ಪ್ರೋಗ್ರಾಮು: ಬೂಟ್ ರಾಮ್. ಇದನ್ನು ಯಾರೂ ಅಳಿಸಲಾರರು, ತಿದ್ದಲಾರರು. ಚಿಪ್ಪಿನೊಳಗಿನ ಪುಟ್ಟ ಮೆಮೊರಿಯಲ್ಲೇ ಇದು ಕೆಲಸ ಮಾಡಿ, ಸ್ಟೋರೇಜಿನಿಂದ ಮುಂದಿನ ಹಂತದ ಪ್ರೋಗ್ರಾಮನ್ನು ಓದುತ್ತದೆ, ಅದರ ಸಹಿ ಸರಿಯಿದೆಯೇ ಎಂದು ಪರೀಕ್ಷಿಸಿ ಅದಕ್ಕೆ ಅಧಿಕಾರ ಒಪ್ಪಿಸುತ್ತದೆ. ಮೀಡಿಯಾಟೆಕ್ ಚಿಪ್ಪುಗಳಲ್ಲಿ ಆ ಮುಂದಿನ ಹಂತಕ್ಕೆ ಪ್ರೀಲೋಡರ್ ಎಂದು ಹೆಸರು. ದೊಡ್ಡ ರ‍್ಯಾಮನ್ನು ಎಬ್ಬಿಸುವುದು ಅದರ ಮುಖ್ಯ ಕೆಲಸ. ಅದಾದ ಮೇಲೆ ಬೂಟ್‌ಲೋಡರ್ ಬರುತ್ತದೆ. ಕಂಪನಿಯ ಹೆಸರಿರುವ ಲೋಗೋ ತೋರಿಸುವುದು ಈ ಬೂಟ್‌ಲೋಡರೇ. ವಾಲ್ಯೂಮ್ ಬಟನ್ ಒತ್ತಿದ್ದಾರೆಯೇ ಎಂದು ನೋಡಿ, ಕಂಪ್ಯೂಟರಿನ ಆಜ್ಞೆಗೆ ಕಾಯುವ ಫಾಸ್ಟ್‌ಬೂಟ್‌ಗೆ ಹೋಗಬೇಕೋ ದುರಸ್ತಿಗೆಂದಿರುವ ರಿಕವರಿಗೆ ಹೋಗಬೇಕೋ ಮಾಮೂಲಿಯಾಗಿ ಏಳಬೇಕೋ ತೀರ್ಮಾನಿಸುವುದೂ ಇದೇ. ಮಾಮೂಲಿಯಾದರೆ ಸ್ಟೋರೇಜಿನಲ್ಲಿ ಬೇರೆಯಾಗಿ ವಿಂಗಡಿಸಿಟ್ಟ ಬೂಟ್ ಪಾರ್ಟಿಷನ್ನಿನಿಂದ ಲಿನಕ್ಸ್ ಕರ್ನಲ್ಲನ್ನು ರ‍್ಯಾಮಿಗೆ ತಂದು ಅದಕ್ಕೆ ದಾರಿ ಬಿಡುತ್ತದೆ.

ಕರ್ನಲ್ ಎದ್ದು ಪ್ರೊಸೆಸರಿನ ಎಲ್ಲ ಕೋರುಗಳನ್ನು, ಪರದೆಯನ್ನು, ಸ್ಟೋರೇಜನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು, ಕೊನೆಯಲ್ಲಿ ಇನಿಟ್ ಎಂಬ ಮೊದಲ ಪ್ರೋಗ್ರಾಮನ್ನು ಶುರುಮಾಡುತ್ತದೆ. ಅಲ್ಲಿಂದ ಮುಂದೆ ಆಂಡ್ರಾಯ್ಡಿನ ಕಾರುಬಾರು. ಇನಿಟ್ ಉಳಿದ ಪಾರ್ಟಿಷನ್ನುಗಳನ್ನು ಜೋಡಿಸುತ್ತದೆ, ಸೇವೆಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಬಣ್ಣಬಣ್ಣದ ಚುಕ್ಕಿಗಳೋ ಗೆರೆಗಳೋ ಕುಣಿಯುವ ಬೂಟ್ ಅನಿಮೇಷನ್ ಅಂಥ ಸೇವೆಗಳಲ್ಲಿ ಒಂದು.

ಬೂಟ್ ತೊಂದರೆಗಳ ವಿಷಯದಲ್ಲಿ ಗೊತ್ತಿರಲೇಬೇಕಾದ ಗುರುತು ಇಲ್ಲಿದೆ. ಕದಲದೆ ನಿಂತ ಲೋಗೋ ಬೂಟ್‌ಲೋಡರಿನದು; ಕುಣಿಯುವ ಚಿತ್ರ ಆಂಡ್ರಾಯ್ಡಿನದು. ಕುಣಿಯುವ ಚಿತ್ರ ಒಮ್ಮೆ ಕಂಡಿತೆಂದರೆ ಕರ್ನಲ್ ಎದ್ದಿದೆ, ಪರದೆಯ ಡ್ರೈವರ್ ಕೆಲಸ ಮಾಡುತ್ತಿದೆ, ಇನಿಟ್ ಓಡುತ್ತಿದೆ, ಸಿಸ್ಟಮ್ ಪಾರ್ಟಿಷನ್ ಓದಲು ಸಿಕ್ಕಿದೆ. ಅಲ್ಲಿ ನಿಂತರೆ ಹುಡುಕಬೇಕಾದದ್ದು ಮೇಲಿನ ಪದರಗಳಲ್ಲಿ. ಅನಿಮೇಷನ್ ಬರದೆ ಲೋಗೋದಲ್ಲೇ ನಿಂತರೆ ಅಥವಾ ಲೋಗೋ ಬಂದು ಬಂದು ಹೋಗುತ್ತಿದ್ದರೆ ಮೊದಲ ಅನುಮಾನ ಕರ್ನಲ್ ಮೇಲೆ. ಪರದೆಯಲ್ಲಿ ಏನೂ ಬಾರದೆ, ಯುಎಸ್‌ಬಿ ಕೇಬಲ್ ಚುಚ್ಚಿದಾಗ ಕಂಪ್ಯೂಟರಿನಲ್ಲಿ ಮಾತ್ರ "ಕ್ವಾಲ್‌ಕಾಮ್ 9008" ಎಂಬ ಹೆಸರಿನ ಸಾಧನ ಕಾಣಿಸಿಕೊಂಡರೆ ಬೂಟ್‌ಲೋಡರೇ ಕೆಟ್ಟಿರಬಹುದು, ಆದರೆ ಬೂಟ್ ರಾಮ್ ಜೀವಂತವಾಗಿದೆ. "ಪೂರ್ತಿ ಡೆಡ್" ಎಂದು ತಂದ ಫೋನನ್ನು ಬದಿಗೆಸೆಯುವ ಮೊದಲು ಒಂದು ಕೇಬಲ್ ಚುಚ್ಚಿ ನೋಡುವುದು ಅದಕ್ಕೇ.

ಕರ್ನಲ್ ಎಂದೆ. ಅದನ್ನು ಬದಲಿಸುವ ಹಕ್ಕು ನಮ್ಮ ಊರಿನ ಹುಡುಗರಿಗೆ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಪ್ರಕಟಿಸಿದ. ಮರುವರ್ಷ ಅದನ್ನು ಜಿಪಿಎಲ್ ಪರವಾನಗಿಯಡಿ ತಂದ. ಈ ಕರ್ನಲ್ಲನ್ನು ಒಳಗಿಟ್ಟು ಸಾಧನ ಮಾರುವವರು, ತಾವು ಮಾಡಿದ ಬದಲಾವಣೆಗಳ ಸಮೇತ ಅದರ ಸೋರ್ಸ್ ಕೋಡನ್ನು ಕೊಂಡವರಿಗೆ ಒದಗಿಸಲೇಬೇಕು ಎನ್ನುತ್ತದೆ ಆ ಪರವಾನಗಿ. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಬಂದಾಗ ಅದರೊಳಗೆ ಇದ್ದದ್ದು ಲಿನಕ್ಸ್ 2.6.25. ಹಾಗಾಗಿ ಅಂದಿನಿಂದಲೂ ಆಂಡ್ರಾಯ್ಡ್ ಫೋನು ಕೊಂಡ ಪ್ರತಿಯೊಬ್ಬರಿಗೂ ಅದರ ಕರ್ನಲ್ ಸೋರ್ಸ್ ಕೇಳುವ ಹಕ್ಕಿದೆ. ಫೋನಿನ ಬಾಕ್ಸಿನಲ್ಲಿ ಬರುವ ಸಣ್ಣಕ್ಷರದ ಕಾಗದವನ್ನು ನಾವು ಓದುವುದಿಲ್ಲ. ಓದಿದರೆ ಈ ಹಕ್ಕು ಅಲ್ಲಿ ಸಿಗಬಹುದು.

ಅಂಗೈಯಲ್ಲಿ ಹಿಡಿಯುವ ಯಂತ್ರದೊಳಗೆ ಲಿನಕ್ಸ್ ಇಡುವ ಯೋಚನೆ ಕರ್ನಾಟಕಕ್ಕೆ ಆಂಡ್ರಾಯ್ಡಿಗಿಂತ ಮೊದಲೇ ಬಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನ ಮಾದರಿ ತೋರಿಸಿದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ತಂದರು. ಒಳಗಿದ್ದದ್ದು 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಇಂದಿನ ಫೋನುಗಳ ಪ್ರೊಸೆಸರುಗಳೂ ಅದೇ ಆರ್ಮ್ ವಂಶದವು. ಅಮಿಡಾವನ್ನು ಓರೆ ಮಾಡಿದರೆ ಒಳಗಿನ ಚಲನೆಯ ಸೆನ್ಸರ್ ಅದನ್ನು ಗ್ರಹಿಸುತ್ತಿತ್ತು. ಮೊದಲ ಐಫೋನ್ ಬರಲು ಆಗ ಇನ್ನೂ ಮೂರು ವರ್ಷ ಬಾಕಿ. ಓದುಬರಹ ಬಾರದವರೂ ಬಳಸಬಲ್ಲ, ಊರವರು ಹಂಚಿಕೊಂಡು ಬಳಸಬಲ್ಲ ಕಂಪ್ಯೂಟರು ಅವರ ಗುರಿಯಾಗಿತ್ತು. ಹಾರ್ಡ್‌ವೇರ್ ವಿನ್ಯಾಸವನ್ನೂ ಮುಕ್ತವಾಗಿಟ್ಟಿದ್ದರು. ಸಿಂಪ್ಯೂಟರ್ ಹೆಚ್ಚು ಮಾರಾಟವಾಗಲಿಲ್ಲ. ಆದರೂ ಪುಟ್ಟ ಯಂತ್ರವೊಂದರ ಕರ್ನಲ್ಲನ್ನು ನಾವೇ ಕಟ್ಟಿ ನಾವೇ ಎಬ್ಬಿಸುವ ಕೆಲಸ ಈ ನೆಲದಲ್ಲಿ ನಡೆದಿತ್ತು ಎಂಬುದನ್ನು ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮರೆಯಬಾರದು.

ಆರ್ಮ್ ಯಂತ್ರಗಳಲ್ಲಿ ಕರ್ನಲ್ ಬದಲಿಸುವುದು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಬದಲಿಸಿದಷ್ಟು ಸುಲಭವಿಲ್ಲ. ಪಿಸಿಯಲ್ಲಿ ಯಾವ ಸ್ಲಾಟಿನಲ್ಲಿ ಯಾವ ಕಾರ್ಡಿದೆ ಎಂದು ಕರ್ನಲ್ ತಾನೇ ವಿಚಾರಿಸಿ ತಿಳಿಯಬಲ್ಲದು. ಫೋನಿನಲ್ಲಿ ಹಾಗಿಲ್ಲ. ಪರದೆ ಯಾವ ತಂತಿಯಲ್ಲಿದೆ, ಟಚ್ ಚಿಪ್ಪಿನ ವಿಳಾಸವೇನು, ಬ್ಯಾಟರಿಯ ಚಾರ್ಜಿಂಗ್ ಮಿತಿ ಎಷ್ಟು, ಯಾವುದನ್ನೂ ಕೇಳಿ ತಿಳಿಯುವ ದಾರಿಯಿಲ್ಲ, ಬರೆದಿಟ್ಟದ್ದನ್ನು ಓದಬೇಕು. ಹಾಗೆ ಬರೆದಿಟ್ಟ ದಾಖಲೆಯೇ ಡಿವೈಸ್ ಟ್ರೀ. ಹೊಸ ಗ್ರಾಮಲೆಕ್ಕಿಗರು ಬಂದಾಗ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ, ಖರಾಬು ಎಷ್ಟು, ಬಾವಿ ಯಾರದು ಎಂದು ಪಹಣಿ ನೋಡಿಯೇ ತಿಳಿಯುವಂತೆ, ಕರ್ನಲ್ಲಿಗೆ ಡಿವೈಸ್ ಟ್ರೀ. ಪಕ್ಕದೂರಿನ ಪಹಣಿ ಹಿಡಿದು ಬಂದರೆ ಅಳತೆಯೆಲ್ಲ ತಪ್ಪುತ್ತದೆ. ಒಂದೇ ಹೆಸರಿನಲ್ಲಿ ಮಾರಾಟವಾಗುವ ಫೋನಿನ ಎರಡು ರೂಪಗಳಲ್ಲಿ ಪರದೆಯ ತಯಾರಕರು ಬೇರೆಯಿರಬಹುದು. ಒಂದಕ್ಕೆಂದು ಕಟ್ಟಿದ ಕರ್ನಲ್ಲನ್ನು ಇನ್ನೊಂದಕ್ಕೆ ಹಾಕಿದರೆ ಫೋನು ಒಳಗೆ ಎದ್ದರೂ ಪರದೆ ಕಪ್ಪಗೇ ಉಳಿಯುತ್ತದೆ. ಈ ವಿವರಗಳನ್ನೆಲ್ಲ ಹಿಂದೆ ಕರ್ನಲ್ಲಿನ ಕೋಡಿನೊಳಗೇ ತುರುಕುತ್ತಿದ್ದರು. 2011ರಲ್ಲಿ ಟೊರ್ವಾಲ್ಡ್ಸ್ ಈ ಗೊಂದಲದ ಬಗ್ಗೆ ಖಾರವಾಗಿಯೇ ಆಕ್ಷೇಪಿಸಿದ ಮೇಲೆ ಆರ್ಮ್ ಲೋಕ ಡಿವೈಸ್ ಟ್ರೀಯತ್ತ ವೇಗವಾಗಿ ಸರಿಯಿತು.

ಇಷ್ಟೆಲ್ಲ ಕಷ್ಟಪಟ್ಟು ಕರ್ನಲ್ ಯಾಕೆ ಬದಲಿಸಬೇಕು? ಬಹುತೇಕರು ಹೇಳುವ ಕಾರಣ ಸ್ಪೀಡು. ಅದು ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಪ್ರೊಸೆಸರ್ ವೇಗವನ್ನು ಕಂಪನಿ ನಿಗದಿಪಡಿಸಿದ ಮಿತಿಗಿಂತ ಸ್ವಲ್ಪ ಏರಿಸಿದರೆ ಫೋನು ಬಿಸಿಯಾಗುತ್ತದೆ, ಬಿಸಿಯಾದರೆ ಅದೇ ಕರ್ನಲ್ ವೇಗ ತಗ್ಗಿಸುತ್ತದೆ, ಗಳಿಸಿದ್ದು ಅಲ್ಲಲ್ಲಿಗೇ ಸರಿಹೋಗುತ್ತದೆ. ಬ್ಯಾಟರಿಯ ಮಾತು ಬೇರೆ. ಅಲ್ಲಿ ಗಟ್ಟಿಯಾದ ಭೌತಶಾಸ್ತ್ರವಿದೆ. ಚಿಪ್ಪು ಕೆಲಸ ಮಾಡುವಾಗ ಖರ್ಚಾಗುವ ವಿದ್ಯುತ್ತು ಅದರ ವೇಗಕ್ಕೆ ಅನುಪಾತದಲ್ಲಿರುತ್ತದೆ, ಜೊತೆಗೆ ವೋಲ್ಟೇಜಿನ ವರ್ಗಕ್ಕೂ. ವೋಲ್ಟೇಜನ್ನು 1 ವೋಲ್ಟಿನಿಂದ 0.9ಕ್ಕೆ ಇಳಿಸಿದರೆ ಅದೇ ವೇಗದಲ್ಲಿ ಖರ್ಚು 0.81ಕ್ಕೆ ಬರುತ್ತದೆ, ಅಂದರೆ ನೂರಕ್ಕೆ 19ರಷ್ಟು ಉಳಿತಾಯ. ವೇಗ ಇಳಿದಾಗ ಕಡಿಮೆ ವೋಲ್ಟೇಜೂ ಸಾಕಾಗುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ಇಳಿದರೆ ಲಾಭ ಇನ್ನೂ ಹೆಚ್ಚು. ಯಾವ ಕ್ಷಣದಲ್ಲಿ ಎಷ್ಟು ವೇಗ ಬೇಕೆಂದು ತೀರ್ಮಾನಿಸುವ ಕರ್ನಲ್ ಭಾಗಕ್ಕೆ ಗವರ್ನರ್ ಎನ್ನುತ್ತಾರೆ. ಹಳೆಯ ಗವರ್ನರುಗಳು ಆಗಾಗ ಇಣುಕಿ ನೋಡಿ ಪ್ರೊಸೆಸರ್ ಎಷ್ಟು ಹೊತ್ತು ಕೆಲಸದಲ್ಲಿತ್ತು ಎಂದು ಲೆಕ್ಕ ಹಾಕುತ್ತಿದ್ದವು. 2016ರಲ್ಲಿ ಲಿನಕ್ಸ್ 4.7ಕ್ಕೆ ಸೇರಿದ ಸ್ಕೆಡ್‌ಯುಟಿಲ್ ಗವರ್ನರ್, ಯಾವ ಕೆಲಸಕ್ಕೆ ಎಷ್ಟು ಸಮಯ ಕೊಡಬೇಕೆಂದು ನಿರ್ಧರಿಸುವ ಶೆಡ್ಯೂಲರಿನಿಂದಲೇ ಆ ಮಾಹಿತಿ ಪಡೆಯುತ್ತದೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೆಯ ಫೋನಿಗೆ ಇಂಥ ಸುಧಾರಣೆಯನ್ನು ಹಿಂದಿನಿಂದ ಸೇರಿಸುವುದು, ಭದ್ರತೆಯ ತೇಪೆಗಳನ್ನು ಹಾಕುವುದು: ನನ್ನ ಲೆಕ್ಕದಲ್ಲಿ ಕಸ್ಟಮ್ ಕರ್ನಲ್ಲಿನ ನಿಜವಾದ ಉಪಯೋಗ ಇದು. ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅಪ್ಪನಿಗೆ ಸಾಗುತ್ತ ಒಂದೇ ಫೋನು ಐದಾರು ವರ್ಷ ಬಾಳುವ ನಮ್ಮ ಕಡೆಯ ಮನೆಗಳಲ್ಲಿ ಇದಕ್ಕೆ ಬೆಲೆಯಿದೆ.

ವೋಲ್ಟೇಜ್ ಇಳಿಸುವುದರಲ್ಲಿ ಒಂದು ಎಚ್ಚರ ಬೇಕು. ಒಂದೇ ಕಾರ್ಖಾನೆಯಿಂದ ಬಂದ ಎರಡು ಚಿಪ್ಪುಗಳು ಪೂರಾ ಒಂದೇ ತೆರನಾಗಿರುವುದಿಲ್ಲ. ಗೆಳೆಯನ ಫೋನಿನಲ್ಲಿ ನಿರಾಳವಾಗಿ ನಡೆಯುವ ವೋಲ್ಟೇಜು ನಿಮ್ಮದರಲ್ಲಿ ಸಾಲದೇ ಹೋಗಬಹುದು. ಆಗ ಫೋನು ಎದ್ದ ಮೇಲೆ ಯಾವಾಗಲೋ ಸುಮ್ಮನೆ ರೀಸ್ಟಾರ್ಟ್ ಆಗುತ್ತದೆ, ಕಾರಣ ಗೊತ್ತಾಗುವುದಿಲ್ಲ.

ಕರ್ನಲ್ ಮೇಲೆ ಎಷ್ಟು ಹೊಣೆಯಿರುತ್ತದೆ ಎಂಬುದಕ್ಕೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್3 ಒಳ್ಳೆಯ ಉದಾಹರಣೆ. 2012ರಲ್ಲಿ ಬಂದ ಆ ಫೋನುಗಳಲ್ಲಿ ಕೆಲವು ಆ ವರ್ಷದ ಕೊನೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಸಾಯತೊಡಗಿದವು. ದೋಷವಿದ್ದದ್ದು ಸ್ಟೋರೇಜ್ ಚಿಪ್ಪಿನೊಳಗಿನ ಸಾಫ್ಟ್‌ವೇರಿನಲ್ಲಿ. ಕಂಪನಿ ಪರಿಹಾರವನ್ನು ಕೊಟ್ಟದ್ದು ಕರ್ನಲ್ ಮೂಲಕ: ಪ್ರತಿ ಸಲ ಫೋನು ಏಳುವಾಗ ಕರ್ನಲ್ ಆ ಚಿಪ್ಪಿನ ಮಾದರಿ ಗುರುತಿಸಿ, ಅದರ ಒಳಗಿನ ಪ್ರೋಗ್ರಾಮಿಗೆ ತಾತ್ಕಾಲಿಕ ತೇಪೆ ಹಚ್ಚುತ್ತಿತ್ತು. ಆ ತೇಪೆಯಿಲ್ಲದ ಹಳೆಯ ಕೋಡಿನಿಂದ ಕಟ್ಟಿದ ಕಸ್ಟಮ್ ಕರ್ನಲ್ ಹಾಕಿಕೊಂಡವರ ಫೋನು ಎಷ್ಟೇ ಚುರುಕಾಗಿ ಓಡಿದರೂ ಮತ್ತೆ ಅಪಾಯದಲ್ಲಿತ್ತು. ಕರ್ನಲ್ ಆರಿಸುವಾಗ ಅದು ಯಾವ ತಿಂಗಳ ಸೋರ್ಸಿನಿಂದ ಕಟ್ಟಿದ್ದು ಎಂದು ನೋಡಬೇಕಾದ್ದು ಇಂಥ ಕಾರಣಕ್ಕೆ.

ಹಾಕುವ ಕ್ರಮವನ್ನು ನೋಡೋಣ. ಬೂಟ್ ಪಾರ್ಟಿಷನ್ನಿನಲ್ಲಿರುವ ಬೂಟ್ ಇಮೇಜಿನೊಳಗೆ ಬಹಳ ಕಾಲ ಎರಡು ಮುಖ್ಯ ವಸ್ತುಗಳಿರುತ್ತಿದ್ದವು: ಕರ್ನಲ್ ಒಂದು, ಇನಿಟ್ ಮತ್ತದರ ಸಲಕರಣೆಗಳಿರುವ ರ‍್ಯಾಮ್‌ಡಿಸ್ಕ್ ಇನ್ನೊಂದು. ಬೇರೊಬ್ಬರು ಕಟ್ಟಿದ ಇಡೀ ಬೂಟ್ ಇಮೇಜನ್ನು ತಂದು ಬರೆದರೆ ಅವರ ರ‍್ಯಾಮ್‌ಡಿಸ್ಕೂ ಜೊತೆಗೆ ಬಂದು, ನಿಮ್ಮ ಆಂಡ್ರಾಯ್ಡ್ ಆವೃತ್ತಿಗೆ ಹೊಂದದೆ ಫೋನು ನಿಲ್ಲುತ್ತಿತ್ತು. ಎನಿಕರ್ನಲ್ ಎಂಬ ಜಿಪ್ ವಿಧಾನ ಈ ತೊಡಕನ್ನು ಬಿಡಿಸಿತು. ಅದು ಫೋನಿನಲ್ಲಿ ಈಗಾಗಲೇ ಇರುವ ಬೂಟ್ ಇಮೇಜನ್ನು ಬಿಚ್ಚಿ, ಕರ್ನಲ್ಲನ್ನಷ್ಟೇ ಬದಲಿಸಿ, ಮತ್ತೆ ಕಟ್ಟಿ ಬರೆಯುತ್ತದೆ. ಆಂಡ್ರಾಯ್ಡ್ 12ರೊಂದಿಗೆ ಮತ್ತು 5.10 ಅಥವಾ ಅದಕ್ಕಿಂತ ಹೊಸ ಕರ್ನಲ್ಲಿನೊಂದಿಗೆ ಬಂದ ಫೋನುಗಳಲ್ಲಿ ಏರ್ಪಾಡು ಬದಲಾಗಿದೆ. ಅಲ್ಲಿ ಕರ್ನಲ್ಲಿನ ತಿರುಳು ಎಲ್ಲ ಕಂಪನಿಗಳಿಗೂ ಗೂಗಲ್ ಕಟ್ಟುವ ಒಂದೇ ರೂಪದ್ದು. ಆಯಾ ಫೋನಿನ ಡ್ರೈವರುಗಳು ಮಾಡ್ಯೂಲುಗಳಾಗಿ ಬೇರೆ ಪಾರ್ಟಿಷನ್ನುಗಳಲ್ಲಿ ಇರುತ್ತವೆ.

ಇವುಗಳಿಗೆಲ್ಲ ಮೊದಲು ಬೂಟ್‌ಲೋಡರ್ ಬೀಗ ತೆಗೆಯಬೇಕು. ಬೀಗ ತೆಗೆದ ಕೂಡಲೇ ಫೋನು ತನ್ನಲ್ಲಿರುವ ಡೇಟಾ ಅಳಿಸಿಬಿಡುತ್ತದೆ. ಇದು ಸಕಾರಣವೇ. ಹಾಗಿಲ್ಲದಿದ್ದರೆ ಜಾತ್ರೆಯಲ್ಲಿ ಫೋನು ಕದ್ದವನು ಬೀಗ ತೆಗೆದು, ತಿರುಚಿದ ಕರ್ನಲ್ ಹಾಕಿ, ಒಳಗಿನದನ್ನೆಲ್ಲ ಓದಬಹುದಿತ್ತು. ಬೀಗ ತೆಗೆದ ಫೋನನ್ನು ಕೆಲವು ಬ್ಯಾಂಕಿನ ಮತ್ತು ಯುಪಿಐ ಆ್ಯಪ್‌ಗಳು ನಂಬುವುದಿಲ್ಲ. ಡೇರಿಯ ಬಟವಾಡೆ, ಅಂಗಡಿಯ ವಸೂಲಿ, ಎಲ್ಲ ಒಂದೇ ಫೋನಿನಲ್ಲಿ ನಡೆಯುವ ಮನೆಯಾದರೆ ಆ ಫೋನಿನ ಮೇಲೆ ಪ್ರಯೋಗ ಬೇಡವೆಂದು ಖಡಾಖಂಡಿತವಾಗಿ ಹೇಳುತ್ತೇನೆ. ಅಟ್ಟದ ಮೇಲಿರುವ ಹಳೆಯ ಫೋನು ತೆಗೆಯಿರಿ.

ಹಾಕಿದ್ದಾಯಿತು, ಫೋನು ಏಳಲಿಲ್ಲ. ಈಗ ಏನು?

ಮೊದಲ ಸಂಗತಿ: ಸತ್ತ ಕರ್ನಲ್ ತನ್ನ ಕೊನೆಯ ಮಾತುಗಳನ್ನು ಬಿಟ್ಟುಹೋಗಿರಬಹುದು. ರ‍್ಯಾಮಿನ ಒಂದು ಚಿಕ್ಕ ಭಾಗವನ್ನು ಇದಕ್ಕೆಂದೇ ಮೀಸಲಿಡುವ ವ್ಯವಸ್ಥೆಯೊಂದು ಲಿನಕ್ಸಿನಲ್ಲಿದೆ, ಹೆಸರು ರ‍್ಯಾಮ್‌ಊಪ್ಸ್. ಕರ್ನಲ್ ತಾನು ಮಾಡುತ್ತಿರುವುದನ್ನು ಸಾಲು ಸಾಲಾಗಿ ಅಲ್ಲಿ ಬರೆಯುತ್ತಿರುತ್ತದೆ. ವಿದ್ಯುತ್ತು ಪೂರ್ತಿ ಕಡಿಯದೆ ಫೋನು ರೀಸ್ಟಾರ್ಟ್ ಆದರೆ ಆ ಬರಹ ಅಳಿಯುವುದಿಲ್ಲ. ರಿಕವರಿಗೆ ಹೋಗಿ ಪಿಸ್ಟೋರ್ ಎಂಬ ಫೋಲ್ಡರಿನಲ್ಲಿ ಅದನ್ನು ಓದಬಹುದು. ಕೊನೆಯ ಹತ್ತಿಪ್ಪತ್ತು ಸಾಲುಗಳಲ್ಲಿ ಬಹಳ ಸಲ ಉತ್ತರ ಇರುತ್ತದೆ: ಪರದೆಯ ಡ್ರೈವರ್ ಸಿಗಲಿಲ್ಲ, ಪಾರ್ಟಿಷನ್ ಜೋಡಿಸಲಾಗಲಿಲ್ಲ, ಇಂಥ ಮಾಡ್ಯೂಲ್ ಈ ಕರ್ನಲ್ಲಿಗೆ ಹೊಂದುವುದಿಲ್ಲ. ಗಾಬರಿಯಲ್ಲಿ ಬ್ಯಾಟರಿ ಕಿತ್ತು ಹಾಕಿದವರು, ಪವರ್ ಬಟನ್ ಒತ್ತಿ ಹಿಡಿದು ಫೋನು ಪೂರ್ತಿ ಆರಿಸಿದವರು ಈ ಸಾಕ್ಷಿಯನ್ನು ಕಳೆದುಕೊಳ್ಳಬಹುದು. ನೇರವಾಗಿ ರಿಕವರಿಗೆ ಹೋಗಿ.

ಮಾಡ್ಯೂಲ್ ಹೊಂದದ ತೊಂದರೆ ಎಲ್ಲಕ್ಕಿಂತ ಸಾಮಾನ್ಯ. ಪ್ರತಿ ಮಾಡ್ಯೂಲಿನ ಮೇಲೂ ಅದು ಯಾವ ಕರ್ನಲ್ಲಿಗೆ ಕಟ್ಟಿದ್ದೆಂಬ ಗುರುತಿರುತ್ತದೆ. ಗುರುತು ತಾಳೆಯಾಗದಿದ್ದರೆ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ. ಅದು ವೈಫೈ ಮಾಡ್ಯೂಲಾದರೆ ಫೋನು ಎದ್ದರೂ ವೈಫೈ ಆನ್ ಆಗದು. ಟಚ್ ಮಾಡ್ಯೂಲಾದರೆ ಪರದೆ ಕಾಣುತ್ತದೆ, ಮುಟ್ಟಿದರೆ ಓಗೊಡುವುದಿಲ್ಲ. ಸ್ಟೋರೇಜಿಗೆ ಸಂಬಂಧಪಟ್ಟದ್ದಾದರೆ ಲೋಗೋದಲ್ಲೇ ನಿಲ್ಲುತ್ತದೆ.

ಇವೆಲ್ಲಕ್ಕೂ ಮದ್ದು ಸರಳ. ಅದೇ ಬಿಲ್ಡ್ ನಂಬರಿನ ಕಂಪನಿಯ ಮೂಲ ಬೂಟ್ ಇಮೇಜನ್ನು ಫಾಸ್ಟ್‌ಬೂಟಿನಿಂದ ಬೂಟ್ ಪಾರ್ಟಿಷನ್ನಿಗೆ ಮರಳಿ ಬರೆಯಿರಿ. ಡೇಟಾ ಇರುವ ಪಾರ್ಟಿಷನ್ನನ್ನು ಮುಟ್ಟಬೇಕಿಲ್ಲ. ಕೆಟ್ಟದ್ದು ಕರ್ನಲ್ ಮಾತ್ರವಾಗಿದ್ದರೆ ಫೋನು ಹಿಂದಿದ್ದಂತೆ ಏಳುತ್ತದೆ, ಫೋಟೋಗಳೂ ಇರುತ್ತವೆ. ಇನ್ನೂ ಒಳ್ಳೆಯದೆಂದರೆ ಮೊದಲೇ ಬರೆಯದಿರುವುದು. ಹಲವು ಫೋನುಗಳಲ್ಲಿ "ಫಾಸ್ಟ್‌ಬೂಟ್ ಬೂಟ್" ಎಂಬ ಆಜ್ಞೆ ನಡೆಯುತ್ತದೆ. ಅದು ಹೊಸ ಕರ್ನಲ್ಲನ್ನು ಕೇಬಲ್ ಮೂಲಕ ರ‍್ಯಾಮಿಗೆ ಕಳಿಸಿ ಒಂದು ಸಲಕ್ಕೆ ಮಾತ್ರ ಎಬ್ಬಿಸುತ್ತದೆ. ಸರಿಬರದಿದ್ದರೆ ರೀಸ್ಟಾರ್ಟ್ ಮಾಡಿದರಾಯಿತು, ಹಳೆಯದು ತನ್ನ ಜಾಗದಲ್ಲೇ ಇರುತ್ತದೆ.

2016ರ ಆಂಡ್ರಾಯ್ಡ್ 7ರಿಂದ ಎರಡು ಸ್ಲಾಟುಗಳ ಏರ್ಪಾಡೂ ಬಂದಿದೆ. ಬೂಟ್, ಸಿಸ್ಟಮ್ ಮುಂತಾದ ಪಾರ್ಟಿಷನ್ನುಗಳ ಎರಡೆರಡು ಪ್ರತಿ ಇರುತ್ತವೆ. ಕಂಪನಿಯ ಅಪ್‌ಡೇಟ್ ಬಳಕೆಯಲ್ಲಿಲ್ಲದ ಸ್ಲಾಟಿಗೆ ಹೋಗಿ ಕೂರುತ್ತದೆ. ಹೊಸದು ಕೆಲವು ಸಲ ಪ್ರಯತ್ನಿಸಿಯೂ ಏಳದಿದ್ದರೆ ಬೂಟ್‌ಲೋಡರ್ ಹಳೆಯ ಸ್ಲಾಟಿಗೆ ಮರಳುತ್ತದೆ. ನಾವೇ ಕೈಯಾರೆ ಬರೆದಾಗ ಈ ರಕ್ಷಣೆಯನ್ನು ನೆಚ್ಚಿ ಕೂರುವಂತಿಲ್ಲ. ಈಗಾಗಲೇ "ಚೆನ್ನಾಗಿ ಎದ್ದಿದೆ" ಎಂದು ಗುರುತಾದ ಸ್ಲಾಟಿನಲ್ಲಿ ಕೆಟ್ಟ ಕರ್ನಲ್ ಕೂತರೆ ಬೂಟ್‌ಲೋಡರಿಗೆ ಅನುಮಾನವೇ ಬರದಿರಬಹುದು.

ಕೆಲವೆಡೆ ಮಾತ್ರ ಕೈಹಾಕಲೇಬಾರದು. ಐಎಂಇಐ ನಂಬರು, ನೆಟ್‌ವರ್ಕ್ ಹೊಂದಾಣಿಕೆ, ಸೆನ್ಸರುಗಳ ಅಳತೆ ಇರುವ ಪುಟ್ಟ ಪಾರ್ಟಿಷನ್ನುಗಳಿವೆ. ಅವು ಆ ಒಂದು ಫೋನಿಗೆ ಮಾತ್ರ ಸೇರಿದವು, ಯಾವ ಡೌನ್‌ಲೋಡಿನಲ್ಲೂ ಸಿಗುವುದಿಲ್ಲ. ಹಾಗೆಯೇ ಬೂಟ್‌ಲೋಡರಿನ ಹಳೆಯ ಆವೃತ್ತಿಗೆ ಹಿಂದಿರುಗಬಾರದು. ಹಿಂದಕ್ಕೆ ಹೋಗದಂತೆ ತಡೆಯುವ ಎಣಿಕೆಯೊಂದು ಕೆಲವು ಚಿಪ್ಪುಗಳಲ್ಲಿ ಸುಟ್ಟುಹೋದ ಫ್ಯೂಸಿನ ರೂಪದಲ್ಲಿ ಶಾಶ್ವತವಾಗಿರುತ್ತದೆ. ಶಿಯೋಮಿಯ ರೆಡ್ಮಿ ನೋಟ್ 5 ಪ್ರೊ ಹೊಂದಿದ್ದ ಎಷ್ಟೋ ಮಂದಿ 2018ರಲ್ಲಿ ಹಳೆಯ ಸಾಫ್ಟ್‌ವೇರಿಗೆ ಮರಳಲು ಹೋಗಿ ಫೋನನ್ನು 9008 ಸ್ಥಿತಿಗೆ ತಳ್ಳಿಕೊಂಡರು. ಅಲ್ಲಿಂದ ಮೇಲೆತ್ತಲು ಕಂಪನಿಯ ಸಹಿ ಇರುವ ಪ್ರೋಗ್ರಾಮು ಬೇಕು. ಅದನ್ನು ಓಡಿಸುವ ಅನುಮತಿ ಎಲ್ಲರಿಗೂ ಇರುವುದಿಲ್ಲ.

ಕರ್ನಲ್ಲನ್ನು ಮುಟ್ಟದೆಯೂ ಲೋಗೋದಲ್ಲಿ ನಿಲ್ಲುವ ಫೋನುಗಳೇ ಅಂಗಡಿಗಳಿಗೆ ಹೆಚ್ಚು ಬರುವುದು. ಅಲ್ಲಿ ಮೊದಲು ಬ್ಯಾಟರಿ ನೋಡಬೇಕು. ಹಳೆಯದಾದ ಬ್ಯಾಟರಿಯ ಒಳಗಿನ ರೋಧ ಹೆಚ್ಚಿರುತ್ತದೆ. ಏಳುವ ಹೊತ್ತಿನಲ್ಲಿ ಪ್ರೊಸೆಸರ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಫೋನು ಆರುತ್ತದೆ, ಮತ್ತೆ ಏಳುತ್ತದೆ, ಮತ್ತೆ ಆರುತ್ತದೆ. ಇದಕ್ಕೆ ಎಷ್ಟು ಸಲ ಸಾಫ್ಟ್‌ವೇರ್ ಹಾಕಿದರೂ ಉಪಯೋಗವಿಲ್ಲ. ಇನ್ನು ಸ್ಟೋರೇಜ್ ಕಿಕ್ಕಿರಿದು ತುಂಬಿದ್ದರೆ ಆಂಡ್ರಾಯ್ಡಿಗೆ ತನ್ನ ಕಡತ ಬರೆಯಲೂ ಜಾಗವಿಲ್ಲದೆ ಅನಿಮೇಷನ್ನಿನಲ್ಲೇ ಸುತ್ತಬಹುದು. ಕೆಲವು ಕಂಪನಿಗಳ ಫೋನುಗಳಲ್ಲಿ ರಿಕವರಿಯ ಮೂಲಕ ಅಧಿಕೃತ ಅಪ್‌ಡೇಟ್ ಪ್ಯಾಕೇಜನ್ನು ಡೇಟಾ ಅಳಿಸದೆ ಮತ್ತೆ ಹಾಕಬಹುದು. ಎಲ್ಲ ಅಳಿಸುವ ಮಾತು ಇವೆಲ್ಲ ಮುಗಿದ ಮೇಲೆ ಬರಬೇಕು. ಈಗಿನ ಫೋನುಗಳಲ್ಲಿ ಡೇಟಾ ಗೂಢಲಿಪಿಯಲ್ಲಿರುವುದರಿಂದ, ಒಮ್ಮೆ ಕೀಲಿ ಅಳಿದರೆ ಆಮೇಲೆ ರಿಪೇರಿ ಅಂಗಡಿಯ ಯಾವ ಡಾಂಗಲ್ಲೂ ಫೋಟೋ ಹಿಂದೆ ತರಲಾರದು.

ಹೀಗೆ ಹಂತಹಂತವಾಗಿ ನೋಡುತ್ತ, ಕೈಗೆ ಸಿಗದ ಯಂತ್ರವನ್ನೂ ಕಾಯುವ ಶಿಸ್ತು ಹಾಸನಕ್ಕೆ ಹೊಸದಲ್ಲ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಎಲ್ಲರ ಬಾಯಲ್ಲಿ ಎಂಸಿಎಫ್, 1982ರಿಂದ ಇಲ್ಲಿದೆ. ಅದು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಗೆ ಕೇಬಲ್ ಚುಚ್ಚಲಾಗದು. ಮೊದಲ ಉಪಗ್ರಹ ಇನ್‌ಸ್ಯಾಟ್-1ಎ ಹಾರಿದ ವರ್ಷದ ಸೆಪ್ಟೆಂಬರಿನಲ್ಲೇ ಕೈತಪ್ಪಿತು. ಮುಂದಿನ ವರ್ಷ, 1983ರ ಆಗಸ್ಟ್ ಕೊನೆಯಲ್ಲಿ ಚಾಲೆಂಜರ್ ನೌಕೆಯಿಂದ ಹೊರಬಂದ ಇನ್‌ಸ್ಯಾಟ್-1ಬಿಯ ಸೌರಫಲಕ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ನೆಲದಿಂದ ಆಜ್ಞೆ ಕಳಿಸುತ್ತಾ ಹೋಗಿ ಸೆಪ್ಟೆಂಬರ್ ನಡುವಿನ ಹೊತ್ತಿಗೆ ಅದನ್ನು ಬಿಡಿಸಿದರು, ಆ ಉಪಗ್ರಹ ವರ್ಷಗಟ್ಟಲೆ ದೂರದರ್ಶನವನ್ನೂ ಹವಾಮಾನದ ಚಿತ್ರಗಳನ್ನೂ ಕೊಟ್ಟಿತು. ಉಪಗ್ರಹದೊಳಗೆ ಏನೇ ಕೆಟ್ಟರೂ ಭೂಮಿಯ ಆಜ್ಞೆ ಕೇಳುವ ರಿಸೀವರ್ ಮಾತ್ರ ಆರಬಾರದು, ತೊಂದರೆ ಕಂಡಾಗ ಬೇಡದ ಕೆಲಸಗಳನ್ನೆಲ್ಲ ನಿಲ್ಲಿಸಿ ಸೂರ್ಯನತ್ತ ಮುಖಮಾಡಿ ಆಜ್ಞೆಗೆ ಕಾಯಬೇಕು: ಬಾಹ್ಯಾಕಾಶ ಎಂಜಿನಿಯರರ ಈ ಏರ್ಪಾಡು, ಫೋನಿನ ಬೂಟ್ ರಾಮನ್ನು ಅಳಿಸಲಾಗದಂತೆ ಮಾಡಿದವರ ಯೋಚನೆಯನ್ನೇ ಹೋಲುತ್ತದೆ. ಕೆಳಗಿನ ಮೆಟ್ಟಿಲು ಗಟ್ಟಿಯಿದೆ ಎಂದು ಖಾತ್ರಿಯಾಗದೆ ಮೇಲಿನದನ್ನು ಇಬ್ಬರೂ ಅಲುಗಿಸುವುದಿಲ್ಲ.

ಫೋನಿನಲ್ಲೂ ಅದೇ ಎಚ್ಚರ ಬೇಕು: ಹೊಸ ಕರ್ನಲ್ ಎದ್ದಿತೆಂದು ಕೂಡಲೇ ಸಂಭ್ರಮಿಸಬೇಡಿ. ಒಂದು ಕರೆ ಮಾಡಿ, ಒಂದು ಕರೆ ಬರಲಿ. ಬೆರಳಚ್ಚು, ಕ್ಯಾಮೆರಾ, ಬ್ಲೂಟೂತ್ ನೋಡಿ. ಬಯಲಿಗೆ ಹೋಗಿ ಜಿಪಿಎಸ್ ಪರೀಕ್ಷಿಸಿ. ಬೆಳೆ ಸಮೀಕ್ಷೆ ಆ್ಯಪ್ ಹೊಲದಲ್ಲಿ ನಿಂತಿರುವವರ ಜಾಗ ಗುರುತಿಸಲಾಗದಿದ್ದರೆ ಅರಕಲಗೂಡಿನ ಹೊಗೆಸೊಪ್ಪಿನ ರೈತನಿಗೆ ಆ ಫೋನಿನಿಂದ ಏನೂ ಸಾಗದು. ರಾತ್ರಿಯಿಡೀ ಪಕ್ಕದಲ್ಲಿಟ್ಟು ಬೆಳಗ್ಗೆ ಬ್ಯಾಟರಿ ಎಷ್ಟು ಇಳಿದಿದೆ ನೋಡಿ. ಬಹಳ ಇಳಿದಿದ್ದರೆ ಯಾವುದೋ ಡ್ರೈವರ್ ಫೋನನ್ನು ಮಲಗಲು ಬಿಡುತ್ತಿಲ್ಲ.

ಬೇರೆಯವರು ಕಟ್ಟಿದ್ದನ್ನು ಹಾಕುವುದಕ್ಕಿಂತ ತಾನೇ ಕಟ್ಟಬೇಕೆನ್ನುವ ವಿದ್ಯಾರ್ಥಿ, ಮೊಸಳೆಹೊಸಹಳ್ಳಿಯ ಎಂಜಿನಿಯರಿಂಗ್ ಕಾಲೇಜಿನವರಾಗಲಿ ಶ್ರವಣಬೆಳಗೊಳದವರಾಗಲಿ, ಮೊದಲ ಸಲ ಸೋರ್ಸಿನಲ್ಲಿ ಒಂದಕ್ಷರವನ್ನೂ ಬದಲಿಸಬಾರದು. ಕಂಪನಿ ಕೊಟ್ಟ ಸೋರ್ಸನ್ನು ಕಂಪನಿಯದೇ ಸಂರಚನಾ ಕಡತದೊಂದಿಗೆ ಹಾಗೇ ಕಂಪೈಲ್ ಮಾಡಿ, ರ‍್ಯಾಮಿನಿಂದ ಎಬ್ಬಿಸಿ ನೋಡಬೇಕು. ಅದೇ ಏಳದಿದ್ದರೆ ತಪ್ಪು ಕಂಪೈಲರಿನಲ್ಲೋ ಕೊಟ್ಟ ಸೋರ್ಸಿನಲ್ಲೋ ಇದೆ, ತನ್ನ ಬದಲಾವಣೆಯಲ್ಲಿ ಹುಡುಕಬೇಕಿಲ್ಲ. ಎದ್ದರೆ, ಎರಡನೇ ಸಲ ಕರ್ನಲ್ಲಿನ ಹೆಸರಿನ ಕೊನೆಗೆ ತನ್ನದೊಂದು ಪದ ಸೇರಿಸಬಹುದು, ಊರ ಹೆಸರಾದರೂ ಆದೀತು. ಮಾಡ್ಯೂಲಿನ ಗುರುತು ತಾಳೆ ನೋಡುವಾಗ ಈ ಹೆಸರೂ ಲೆಕ್ಕಕ್ಕೆ ಬರುವುದರಿಂದ, ಮಾಡ್ಯೂಲುಗಳಿರುವ ಫೋನಿನಲ್ಲಿ ಅವನ್ನೂ ಜೊತೆಗೇ ಕಟ್ಟಬೇಕಾಗುತ್ತದೆ. ಸೆಟ್ಟಿಂಗ್ಸಿನಲ್ಲಿ "ಫೋನ್ ಬಗ್ಗೆ" ತೆರೆದರೆ ಕರ್ನಲ್ ಆವೃತ್ತಿಯ ಸಾಲಿನಲ್ಲಿ ಆ ಪದವೂ ಕಟ್ಟಿದ ದಿನಾಂಕವೂ ಕಾಣುತ್ತವೆ. ಗವರ್ನರ್ ತಿದ್ದುವ ಕೆಲಸ ಮೂರನೇ ಸಲಕ್ಕೆ.